ಕೊಡಗಿನ ಮನೆಗಳಲ್ಲಿ ವೈರಿಂಗ್ ದೋಷ: ಲಕ್ಷಣ ನೋಡಿ ಕಾರಣ ಹುಡುಕುವ ಬಗೆ

ಬೇಸಿಗೆಯುದ್ದಕ್ಕೂ ತಕರಾರಿಲ್ಲದೆ ನಡೆದ ಮನೆಯ ವೈರಿಂಗ್, ಜೂನ್ ತಿಂಗಳ ಮಳೆ ಹಿಡಿದ ಕೂಡಲೇ ಒಂದೊಂದಾಗಿ ತನ್ನ ದೋಷಗಳನ್ನು ತೋರಿಸತೊಡಗುತ್ತದೆ. ಹೆಂಚಿನ ಸಂದಿಯಿಂದ ಇಳಿದ ನೀರು ವೈರಿನ ಗುಂಟ ಹರಿದು ಸ್ವಿಚ್ ಬಾಕ್ಸ್ ಸೇರುತ್ತದೆ. ಅಟ್ಟದಲ್ಲಿ ಇಲಿ ಕಡಿದು ಬಿಟ್ಟಿದ್ದ ತಂತಿಗೆ ತೇವ ತಗಲುತ್ತದೆ. ದೋಷ ಮೊದಲೇ ಇತ್ತು, ಮಳೆ ಅದನ್ನು ಹೊರಗೆ ತಂದಿತು ಅಷ್ಟೇ. ಆದ್ದರಿಂದ ಈ ಜಿಲ್ಲೆಯಲ್ಲಿ ವೈರಿಂಗ್ ಪರೀಕ್ಷೆಗೆ ಎರಡು ಕಾಲಗಳಿವೆ ಎಂಬುದು ನನ್ನ ಅಭಿಪ್ರಾಯ: ತಂತಿಯ ಹೊದಿಕೆ ಗಟ್ಟಿಯಾಗಿದೆಯೇ ಎಂಬುದನ್ನು ಜೋರು ಮಳೆಯಲ್ಲಿ ನೋಡಬೇಕು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ನೆಲ ಒಣಗಿ ಬಿರಿದಿರುವ ಮಾರ್ಚ್ ತಿಂಗಳಲ್ಲಿ ನೋಡಬೇಕು. ಬಹುಪಾಲು ಮನೆಗಳಲ್ಲಿ ಇದು ತಿರುಗುಮುರುಗಾಗಿ ನಡೆಯುತ್ತದೆ; ವಯರ್‌ಮನ್ ಬಿಸಿಲಿನಲ್ಲಿ ಬಂದು ತಂತಿ ಸರಿಯಿದೆ ಎನ್ನುತ್ತಾರೆ, ಮಳೆಗಾಲದ ಕೆಸರಿನಲ್ಲಿ ಅರ್ಥಿಂಗ್ ಅಳೆದು ಅದೂ ಚೆನ್ನಾಗಿದೆ ಎನ್ನುತ್ತಾರೆ.

ಯಾವುದನ್ನೇ ಪರೀಕ್ಷಿಸುವ ಮೊದಲು ಮೂರು ಮಾತು ನೆನಪಿರಲಿ. ಕಾಲಿಗೆ ಒಣಗಿದ ರಬ್ಬರ್ ಚಪ್ಪಲಿ ಇರಬೇಕು, ಕೈ ಒಣಗಿರಬೇಕು. ಮೇನ್ ಸ್ವಿಚ್ ಆಫ್ ಮಾಡಿದರೂ ಇನ್ವರ್ಟರ್ ಚಾಲೂ ಇದ್ದರೆ ಅರ್ಧ ಮನೆಯ ತಂತಿಗಳಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ, ಆದ್ದರಿಂದ ಅದನ್ನೂ ಆಫ್ ಮಾಡಬೇಕು. ಟೆಸ್ಟರ್ ಉರಿಯದಿದ್ದರೆ ಕರೆಂಟಿಲ್ಲ ಎಂದು ನಂಬಬಾರದು; ಅದೇ ಟೆಸ್ಟರನ್ನು ಕರೆಂಟಿರುವುದು ಖಚಿತವಾದ ಪ್ಲಗ್ಗಿನಲ್ಲಿ ಮೊದಲು ಉರಿಸಿ ನೋಡಿರಬೇಕು. ಮೀಟರ್, ಅದರ ಸೀಲು, ಕಂಬದಿಂದ ಮೀಟರ್‌ವರೆಗಿನ ಸರ್ವಿಸ್ ವೈರು, ಇವು ಯಾವುವೂ ಮನೆಯವರು ಮುಟ್ಟುವ ವಸ್ತುಗಳಲ್ಲ.

ಮನೆ ಕತ್ತಲಾಗಿದೆ, ಪಕ್ಕದ ಮನೆಯಲ್ಲಿ ದೀಪವಿದೆ

ಮೊದಲು ಮೀಟರಿನ ಮುಂದೆ ನಿಲ್ಲಿ. ಮೀಟರಿನ ಪರದೆಯಲ್ಲಿ ಅಂಕಿಗಳು ಕಾಣುತ್ತಿದ್ದು ಮನೆಯಲ್ಲಿ ಮಾತ್ರ ಬೆಳಕಿಲ್ಲವಾದರೆ ದೋಷ ಬಹುತೇಕ ನಿಮ್ಮ ಕಡೆಯದು. ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಆರ್‌ಸಿಸಿಬಿ, ಅಥವಾ ಹೊರೆ ಹೆಚ್ಚಿದರೆ ಇಲ್ಲವೇ ಶಾರ್ಟ್ ಆದರೆ ಆಫ್ ಆಗುವ ಮೇನ್ ಎಂಸಿಬಿ ಬಿದ್ದಿರಬಹುದು, ಹಳೆಯ ಮನೆಯಾದರೆ ಫ್ಯೂಸ್ ತಂತಿ ಕರಗಿರಬಹುದು. ಪರದೆಯೇ ಖಾಲಿಯಾಗಿದ್ದರೆ ದೋಷ ಸಾಮಾನ್ಯವಾಗಿ ಕಂಬದ ಕಡೆಯದು. ಆಗ ನಿಮ್ಮ ಸಂಪರ್ಕದ ಗುರುತಾಗಿ ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ ಕೈಯಲ್ಲಿಟ್ಟುಕೊಂಡು ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಪರಿಚಯದ ಲೈನ್‌ಮನ್‌ಗೆ ಫೋನ್ ಮಾಡುವುದು ತಪ್ಪಲ್ಲ, ಆದರೆ ದಾಖಲೆ ಉಳಿಯುವುದು ಆ ಸಂಖ್ಯೆಯಿಂದ ಮಾತ್ರ.

ಸಿಲ್ವರ್ ಓಕ್ ಮರದ ಕೊಂಬೆ ತಂತಿಯ ಮೇಲೆ ಬಿದ್ದಿದ್ದರೆ ಕೊಂಬೆಯನ್ನು ತಾವೇ ಎಳೆಯಲು ಹೋಗಬಾರದು. ನೆಲಕ್ಕೆ ಬಿದ್ದ ತಂತಿ ಸದ್ದಿಲ್ಲದೆ, ಕಿಡಿಯಿಲ್ಲದೆ ಬಿದ್ದಿದ್ದರೂ ಅದರಲ್ಲಿ ಕರೆಂಟಿದೆ ಎಂದೇ ತಿಳಿದು, ಜನರನ್ನೂ ದನಗಳನ್ನೂ ದೂರವಿಟ್ಟು, ಲೈನ್‌ಮನ್ ಬರುವವರೆಗೆ ಕಾವಲು ನಿಲ್ಲಬೇಕು. ಕಾಳುಮೆಣಸು ಕೊಯ್ಯುವ ಅಲ್ಯುಮಿನಿಯಂ ಏಣಿಯನ್ನು ಇಂಥ ಯಾವ ಕೆಲಸಕ್ಕೂ ಹೊರಗೆ ತೆಗೆಯಬಾರದು.

ದೀಪ ಉರಿಯುತ್ತಿಲ್ಲ, ಆದರೆ ಪ್ಲಗ್ಗಿನ ಎರಡೂ ತೂತಿನಲ್ಲಿ ಟೆಸ್ಟರ್ ಉರಿಯುತ್ತದೆ

ಕರೆಂಟು ಎರಡೂ ಕಡೆಯಿಂದ ಬರುತ್ತಿದೆ ಎಂದು ಜನ ಇದನ್ನು ವಿವರಿಸುವುದುಂಟು. ವಾಸ್ತವದಲ್ಲಿ ಆಗಿರುವುದು ಕರೆಂಟು ಹಿಂದಿರುಗುವ ತಂತಿ, ಅಂದರೆ ನ್ಯೂಟ್ರಲ್, ತುಂಡಾಗಿರುವುದು. ಫೇಸ್ ತಂತಿಯಿಂದ ಬಂದ ಕರೆಂಟು ಯಾವುದೋ ಬಲ್ಬನ್ನೋ ಫ್ರಿಜ್ಜನ್ನೋ ದಾಟಿ ನ್ಯೂಟ್ರಲ್‌ಗೆ ತಲುಪುತ್ತದೆ. ಅಲ್ಲಿಂದ ಹಿಂದಿರುಗುವ ದಾರಿ ಕಡಿದಿರುವುದರಿಂದ ನ್ಯೂಟ್ರಲ್ ತಂತಿಯೇ ಫೇಸ್‌ನಂತೆ ಶಾಕ್ ಹೊಡೆಯುವ ಸ್ಥಿತಿಗೆ ಬರುತ್ತದೆ. ಎಲ್ಲ ಸ್ವಿಚ್ಚುಗಳನ್ನು ಆಫ್ ಮಾಡಿ, ಪ್ಲಗ್ಗುಗಳನ್ನು ಕಿತ್ತ ಮೇಲೆ ಎಡಗಡೆಯ ತೂತಿನಲ್ಲಿ ಟೆಸ್ಟರ್ ಆರಿದರೆ ಈ ಊಹೆ ಸರಿಯೆಂದು ತಿಳಿಯಬಹುದು. ಒಂದೇ ಕೋಣೆಯಲ್ಲಿ ಹೀಗಾದರೆ ಆ ಕೋಣೆಯ ಜಂಕ್ಷನ್ ಬಾಕ್ಸಿನಲ್ಲಿ ನ್ಯೂಟ್ರಲ್ ಜಾಯಿಂಟು ಬಿಟ್ಟಿದೆ. ಇಡೀ ಮನೆಯಲ್ಲಿ ಹೀಗಾದರೆ ಎಂಸಿಬಿಗಳಿರುವ ಡಿ.ಬಿ. ಬಾಕ್ಸಿನ ನ್ಯೂಟ್ರಲ್ ಪಟ್ಟಿಯ ತಿರುಪು ಸಡಿಲಾಗಿರಬಹುದು, ಇಲ್ಲವೇ ಕಂಬದಲ್ಲಿ ಜಂಪರ್ ಎಂಬ ಜೋಡಣೆಯ ತಂತಿ ಕಡಿದಿರಬಹುದು.

ಹಳೆಯ ಮನೆಗಳಲ್ಲಿ ನ್ಯೂಟ್ರಲ್‌ಗೂ ಒಂದು ಫ್ಯೂಸ್ ಹಾಕಿರುತ್ತಾರೆ. ಅದು ಕರಗಿದರೆ ದೀಪ ಆರುತ್ತದೆ, ಆದರೆ ಮನೆಯ ತಂತಿಗಳಲ್ಲೆಲ್ಲ ಫೇಸ್ ಹಾಗೆಯೇ ಇರುತ್ತದೆ. ಫ್ಯೂಸಾಗಲಿ ಒಂಟಿ ಸ್ವಿಚ್ಚಾಗಲಿ ಇರಬೇಕಾದುದು ಫೇಸ್‌ನಲ್ಲಿ ಮಾತ್ರ. ನ್ಯೂಟ್ರಲ್ ಫ್ಯೂಸ್ ಕಂಡರೆ ಅದನ್ನು ತೆಗೆಸಿ ಅಲ್ಲಿ ಗಟ್ಟಿಯಾದ ಲಿಂಕ್ ಹಾಕಿಸಬೇಕು.

ಕೆಲವು ಬಲ್ಬು ಮಂದವಾಗಿವೆ, ಕೆಲವು ಕಣ್ಣು ಕುಕ್ಕುವಷ್ಟು ಉರಿಯುತ್ತಿವೆ

ಈ ಕೈಪಿಡಿಯಲ್ಲಿ ಬೇರೆ ಯಾವುದನ್ನು ಮರೆತರೂ ಈ ಲಕ್ಷಣವನ್ನು ಮರೆಯಬಾರದು. ಕಂಡ ಕ್ಷಣವೇ ಮೇನ್ ಸ್ವಿಚ್ ಆಫ್ ಮಾಡಬೇಕು. ಕಾರಣ ಹುಡುಕುವುದು ಆಮೇಲೆ.

ತ್ರೀ ಫೇಸ್ ಸಂಪರ್ಕವಿರುವ ಮನೆಯಲ್ಲಿ ಮುಖ್ಯ ನ್ಯೂಟ್ರಲ್ ಕಡಿದರೆ ಎರಡು ಫೇಸ್‌ಗಳ ನಡುವಿನ ಸುಮಾರು 400 ವೋಲ್ಟ್, ಆ ಎರಡು ಫೇಸ್‌ಗಳಲ್ಲಿರುವ ಉಪಕರಣಗಳ ನಡುವೆ ಹಂಚಿಹೋಗುತ್ತದೆ, ಮತ್ತು ಈ ಹಂಚಿಕೆಯಲ್ಲಿ ಚಿಕ್ಕ ಉಪಕರಣಕ್ಕೇ ದೊಡ್ಡ ಪಾಲು ಬೀಳುತ್ತದೆ. ಒಂದು ಫೇಸ್‌ನಲ್ಲಿ 1000 ವಾಟ್ ಇಸ್ತ್ರಿಪೆಟ್ಟಿಗೆ, ಇನ್ನೊಂದರಲ್ಲಿ 100 ವಾಟ್ ಬಲ್ಬು ಇದ್ದು ಮೂರನೆಯದು ಖಾಲಿಯಿದೆ ಎಂದಿಟ್ಟುಕೊಂಡರೆ, ಬಲ್ಬಿನ ಮೇಲೆ ಸುಮಾರು 364 ವೋಲ್ಟ್, ಇಸ್ತ್ರಿಪೆಟ್ಟಿಗೆಯ ಮೇಲೆ ಬರೀ 36 ವೋಲ್ಟ್ ಬೀಳುತ್ತದೆ. ಟಿವಿ, ವೈಫೈ ಪೆಟ್ಟಿಗೆ, ಎಲ್‌ಇಡಿ ಬಲ್ಬುಗಳು ಒಟ್ಟಿಗೇ ಸುಟ್ಟು ಹೋಗುವುದು ಹೀಗೆ. ಇದನ್ನು ಸಿಡಿಲಿನ ಲೆಕ್ಕಕ್ಕೆ ಬರೆಯುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಸಿಂಗಲ್ ಫೇಸ್ ಮನೆಗೂ ಇದು ತಪ್ಪಿದ್ದಲ್ಲ, ಏಕೆಂದರೆ ಟ್ರಾನ್ಸ್‌ಫಾರ್ಮರ್ ಬಳಿ ಅಥವಾ ಲೈನಿನಲ್ಲಿ ನ್ಯೂಟ್ರಲ್ ಕಡಿದಾಗ ಅದರ ಆಚೆಗಿರುವ ಮನೆಗಳೇ ಪರಸ್ಪರ ಹೀಗೆ ವೋಲ್ಟೇಜ್ ಹಂಚಿಕೊಳ್ಳುತ್ತವೆ. ಪಕ್ಕದ ಮನೆಯಲ್ಲೂ ಇದೇ ಲಕ್ಷಣವಿದೆಯೇ ಎಂದು ಕೇಳಿ. ಇದ್ದರೆ ಅವರಿಗೂ ಮೇನ್ ಆಫ್ ಮಾಡಲು ಹೇಳಿ 1912ಕ್ಕೆ ಕರೆ ಮಾಡಿ. ಇಲ್ಲಿ ಮನೆಯವರು ಮಾಡುವ ರಿಪೇರಿ ಏನೂ ಇಲ್ಲ. ಸರಿಪಡಿಸಿದ ಮೇಲೂ ಮೊದಲು ಒಂದು ಹಳೆಯ ಬಲ್ಬನ್ನಷ್ಟೇ ಉರಿಸಿ ನೋಡಿ, ಅನಂತರ ಉಳಿದವುಗಳನ್ನು ಒಂದೊಂದಾಗಿ ಹಾಕಿಕೊಳ್ಳುವುದು ಒಳ್ಳೆಯದು.

ಮಳೆ ಬಂದರೆ ಆರ್‌ಸಿಸಿಬಿ ಬೀಳುತ್ತದೆ

ಫೇಸ್‌ನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್‌ನಲ್ಲಿ ಹಿಂದಿರುಗುತ್ತಿದೆಯೇ ಎಂಬುದೊಂದನ್ನೇ ಆರ್‌ಸಿಸಿಬಿ ನೋಡುತ್ತದೆ. ಮನೆಗಳಲ್ಲಿ ಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಷ್ಟು ವ್ಯತ್ಯಾಸ ಬರುವುದರೊಳಗೆ ಬೀಳುತ್ತದೆ. ಬೀಳುತ್ತಿದೆ ಎಂದರೆ ಎಲ್ಲೋ ಕರೆಂಟು ಗೋಡೆಗೋ ನೆಲಕ್ಕೋ ಸೋರುತ್ತಿದೆ ಎಂದರ್ಥ. ಅದನ್ನು ಕಿತ್ತು ನೇರ ಜೋಡಿಸಿಕೊಡುವ, ಇಲ್ಲವೇ 300 ಮಿಲಿಆಂಪಿಯರಿನದನ್ನು ತಂದು ಹಾಕುವ ವಯರ್‌ಮನ್‌ನನ್ನು ಎರಡನೇ ಸಲ ಕರೆಯಬಾರದು.

ಹುಡುಕುವ ಕ್ರಮ ಖರ್ಚಿಲ್ಲದ್ದು. ಎಲ್ಲ ಪ್ಲಗ್ಗುಗಳನ್ನು ಕಿತ್ತು, ಎಲ್ಲ ಎಂಸಿಬಿಗಳನ್ನು ಇಳಿಸಿ, ಆರ್‌ಸಿಸಿಬಿಯನ್ನು ಎತ್ತಿ. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ, ಪ್ರತಿ ಸಲವೂ ಒಂದೆರಡು ನಿಮಿಷ ಕಾದು ಎತ್ತಬೇಕು. ಯಾವುದನ್ನು ಎತ್ತಿದಾಗ ಬಿತ್ತೋ ದೋಷ ಬಹುಮಟ್ಟಿಗೆ ಆ ಸರ್ಕ್ಯೂಟಿನಲ್ಲಿದೆ. ಅದನ್ನು ಇಳಿಸಿಟ್ಟರೆ ಉಳಿದ ಮನೆಗೆ ಬೆಳಕು ಸಿಗುತ್ತದೆ. ಅನಂತರ ಆ ಸರ್ಕ್ಯೂಟಿನಲ್ಲಿ ಒದ್ದೆಯಾಗುವ ಜಾಗಗಳನ್ನು ನೋಡಬೇಕು: ಗೇಟಿನ ದೀಪ, ಜಗಲಿಯ ಹೋಲ್ಡರ್, ಬಚ್ಚಲುಮನೆಯ ಪಾಯಿಂಟು, ಕಾಫಿ ಕಣಕ್ಕೆ ಎಳೆದ ತಂತಿ, ಪಂಪ್‌ಹೌಸಿಗೆ ಮಣ್ಣಿನಡಿ ಹೋದ ಕೇಬಲ್. ನಮ್ಮ ಮನೆಯಲ್ಲಿ ಎರಡು ಮಳೆಗಾಲ ಕಾಡಿದ ದೋಷ ಕೊನೆಗೆ ಸಿಕ್ಕಿದ್ದು ಗೇಟಿನ ಕಂಬದ ದೀಪದೊಳಗಿನ ಇರುವೆ ಗೂಡಿನಲ್ಲಿ.

ಎಲ್ಲ ಎಂಸಿಬಿ ಇಳಿಸಿದರೂ ಆರ್‌ಸಿಸಿಬಿ ನಿಲ್ಲದಿದ್ದರೆ ಅದೇ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರುವ ಮೊದಲು ಇನ್ನೊಂದು ವಿಷಯ ತಿಳಿದಿರಬೇಕು. ಸಾಮಾನ್ಯ ಒಂಟಿ ಪೋಲಿನ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೆಯೇ ಜೋಡಿಸಿಕೊಂಡಿರುತ್ತದೆ. ಯಾವುದೋ ಒಂದು ಕೋಣೆಯ ನ್ಯೂಟ್ರಲ್ ತಂತಿ ಒದ್ದೆ ಗೋಡೆಗೆ ಅಥವಾ ಅರ್ಥ್ ತಂತಿಗೆ ತಗಲಿದ್ದರೆ, ಆ ಕೋಣೆಯ ಎಂಸಿಬಿ ಆಫ್ ಆಗಿದ್ದರೂ, ಬೇರೆ ಕೋಣೆಯ ಗೀಸರ್ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ. ಆಗ ತಪ್ಪಿಲ್ಲದ ಗೀಸರನ್ನು ಬದಲಿಸಿ ಹಣ ಕಳೆದುಕೊಂಡವರಿದ್ದಾರೆ. ಇನ್ವರ್ಟರಿನ ನ್ಯೂಟ್ರಲನ್ನು ಮೇನಿನ ನ್ಯೂಟ್ರಲ್ ಜೊತೆ ತಪ್ಪಾಗಿ ಸೇರಿಸಿದಾಗಲೂ ಹೀಗೆಯೇ ಆಗುತ್ತದೆ. ಇಲ್ಲಿಂದ ಮುಂದಿನದು ಪರವಾನಗಿ ಇರುವ ವಯರ್‌ಮನ್ ಕೆಲಸ. ಮೇನ್ ತೆಗೆದು, ನ್ಯೂಟ್ರಲ್‌ಗಳನ್ನು ಪಟ್ಟಿಯಿಂದ ಬಿಡಿಸಿ, ಅವರು ಒಂದೊಂದನ್ನೂ ತಂತಿಯ ಹೊದಿಕೆ ಎಷ್ಟು ಗಟ್ಟಿ ಎಂದು ಅಳೆಯುವ 500 ವೋಲ್ಟಿನ ಮೆಗ್ಗರಿನಿಂದ ಅಳೆಯಬೇಕು. ತಂತಿಗೂ ಅರ್ಥ್‌ಗೂ ನಡುವೆ ಒಂದು ನಿಮಿಷದ ಪರೀಕ್ಷೆಯಲ್ಲಿ ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಈ ಅಳತೆ ಮಳೆ ಸುರಿಯುತ್ತಿರುವ ದಿನವೇ ಆಗಬೇಕೆಂದು ಪಟ್ಟು ಹಿಡಿಯಿರಿ.

ಸರ್ವಿಸ್ ವೈರು ಮನೆಯೊಳಗೆ ಬರುವ ಪೈಪಿನ ಬಾಯಿ ಕೆಳಮುಖವಾಗಿ ಬಾಗಿದೆಯೇ, ತಂತಿ ಪೈಪಿಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಜೋತುಬಿದ್ದು ಅನಂತರ ಮೇಲೇರಿದೆಯೇ ಎಂದು ದೂರದಿಂದ ಕಣ್ಣಿನಲ್ಲೇ ನೋಡಬಹುದು. ಹಾಗಿಲ್ಲದಿದ್ದರೆ ಮಳೆನೀರು ತಂತಿಯ ಗುಂಟ ನೇರವಾಗಿ ಮೀಟರ್ ಬೋರ್ಡಿಗೇ ಇಳಿಯುತ್ತದೆ.

ಎಂಸಿಬಿ ಬೀಳುತ್ತದೆ

ಎತ್ತಿದ ಕ್ಷಣವೇ ಟಕ್ಕೆಂದು ಬಿದ್ದರೆ ಶಾರ್ಟ್ ಇದೆ. ಮತ್ತೆ ಮತ್ತೆ ಎತ್ತಬಾರದು. ಹತ್ತಿಪ್ಪತ್ತು ನಿಮಿಷ ನಿಂತು ಬಿದ್ದರೆ ಅದು ಹೆಚ್ಚಿನ ಹೊರೆ. 16 ಆಂಪಿಯರಿನ ಎಂಸಿಬಿ ಹೊರುವುದು ಸುಮಾರು 3,680 ವಾಟ್. ಚಳಿಗೆ ಹಾಕಿದ 2,000 ವಾಟ್ ಹೀಟರ್ ಜೊತೆಗೆ 2,000 ವಾಟ್ ಗೀಸರ್ ಒಂದೇ ಸರ್ಕ್ಯೂಟಿನಲ್ಲಿದ್ದರೆ ಹೊರೆ ಆ ಮಿತಿಯನ್ನು ಮೀರುತ್ತದೆ. ಪರಿಹಾರವೆಂದು 32 ಆಂಪಿಯರಿನ ಎಂಸಿಬಿ ಹಾಕಿದರೆ ಇನ್ನು ಕಾಯುವುದು ಗೋಡೆಯೊಳಗಿನ 2.5 ಚದರ ಮಿ.ಮೀ. ತಂತಿ. ಗೀಸರಿಗೆ 4 ಚದರ ಮಿ.ಮೀ. ತಾಮ್ರದ ತಂತಿ ಮತ್ತು ತನ್ನದೇ ಎಂಸಿಬಿ ಇರುವುದು ಲೇಸು.

ನಲ್ಲಿ, ಫ್ರಿಜ್ಜು ಮುಟ್ಟಿದರೆ ಜುಮ್ಮೆನ್ನುತ್ತದೆ

ಬಳಕೆಯನ್ನು ಆಗಲೇ ನಿಲ್ಲಿಸಬೇಕು. ಒಬ್ಬರಿಗೆ ಜುಮ್ಮೆಂದದ್ದು ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತ ಇನ್ನೊಬ್ಬರ ಜೀವ ತೆಗೆಯಬಹುದು. ಉಪಕರಣದ ಪ್ಲಗ್ ಕಿತ್ತಾಗ ನಿಂತರೆ ದೋಷ ಅದರಲ್ಲಿದೆ, ಜೊತೆಗೆ ಆ ಪ್ಲಗ್ ಪಾಯಿಂಟಿಗೆ ಅರ್ಥ್ ಇಲ್ಲ. ಕಿತ್ತ ಮೇಲೂ ನಲ್ಲಿಯಲ್ಲಿ ಹೊಡೆಯುತ್ತಿದ್ದರೆ ಇನ್ನಾವುದೋ ಉಪಕರಣದ ಸೋರಿಕೆ, ಕಡಿದ ಅರ್ಥ್ ತಂತಿಯ ಮೂಲಕ ಮನೆಯ ಕಬ್ಬಿಣಕ್ಕೆಲ್ಲ ಹರಡಿದೆ.

ಅರ್ಥ್ ಗುಂಡಿಯ ಬಳಿ ಹೋಗಿ ನೋಡಿ. ತಂತಿ ಪೈಪಿಗೆ ಸೇರುವಲ್ಲಿ ತುಕ್ಕು ಹಿಡಿದು ಕಡಿದಿರುವುದು ಅತಿ ಸಾಮಾನ್ಯ. ಭಾರತೀಯ ಮಾನಕ ಐಎಸ್ 3043ರಂತೆ ಪೈಪಾದರೆ ಕನಿಷ್ಠ 38 ಮಿ.ಮೀ. ವ್ಯಾಸದ, 2.5 ಮೀಟರ್ ಉದ್ದದ ಜಿ.ಐ. ಪೈಪಿರಬೇಕು. ನಮ್ಮ ಗುಡ್ಡದ ಅಂಚುಗಳಲ್ಲಿ ಎರಡಡಿ ಅಗೆದರೆ ಕಲ್ಲು ಸಿಗುವುದರಿಂದ ಕೆಲಸಗಾರರು ಪೈಪನ್ನು ಅಲ್ಲಿಗೇ ಕತ್ತರಿಸಿ ಮೇಲೆ ಸಿಮೆಂಟ್ ಮುಚ್ಚಿಬಿಡುತ್ತಾರೆ. ಮಳೆಗಾಲದಲ್ಲಿ ಅದೂ ಚೆನ್ನಾಗಿಯೇ ಕೆಲಸ ಮಾಡಿದಂತೆ ಕಾಣುತ್ತದೆ. ಬೇಸಿಗೆಯಲ್ಲಿ ಅದು ಬರೀ ಒಂದು ಕಬ್ಬಿಣದ ತುಂಡು. ಕಲ್ಲು ಸಿಕ್ಕಿದಲ್ಲಿ ತೇವ ಉಳಿಯುವ ಬೇರೆ ಜಾಗ ಹುಡುಕಬೇಕು, ಇಲ್ಲವೇ ಎರಡು ಗುಂಡಿ ತೆಗೆದು ಒಟ್ಟಿಗೆ ಜೋಡಿಸಬೇಕು.

ಒಳ್ಳೆಯ ಅರ್ಥಿಂಗ್ ಇದ್ದ ಮೇಲೆ ಆರ್‌ಸಿಸಿಬಿ ಏಕೆ ಎಂದು ಕೇಳುವವರಿಗೆ ಒಂದು ಲೆಕ್ಕ. ಗುಂಡಿಯ ಪ್ರತಿರೋಧ 10 ಓಮ್ ಇದ್ದರೆ, ಫೇಸ್ ಪೂರ್ತಿಯಾಗಿ ಫ್ರಿಜ್ಜಿನ ಮೈಗೆ ತಗಲಿದರೂ ನೆಲಕ್ಕೆ ಹರಿಯುವುದು 23 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಅಷ್ಟಕ್ಕೆ ಕೂಡಲೇ ಬೀಳುವುದಿಲ್ಲ, ಬಹಳ ಹೊತ್ತು ನಿಂತಿರಬಹುದು, ಮತ್ತು ಅಷ್ಟೂ ಹೊತ್ತು ಫ್ರಿಜ್ಜಿನ ಮೈಯಲ್ಲಿ ಕರೆಂಟಿರುತ್ತದೆ. ಆರ್‌ಸಿಸಿಬಿಯಾದರೆ ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ. ಎರಡೂ ಬೇಕು. ಅರ್ಥ್ ಇಲ್ಲವೆಂದು ಪ್ಲಗ್ಗಿನ ಮೇಲಿನ ತೂತಿಗೆ ನ್ಯೂಟ್ರಲನ್ನೇ ಜೋಡಿಸುವ ಅಡ್ಡದಾರಿಯಂತೂ ಕೊಲೆಗೆ ಸಮ. ನ್ಯೂಟ್ರಲ್ ಕಡಿದ ದಿನ ಮನೆಯ ಪ್ರತಿ ಲೋಹದ ಉಪಕರಣವೂ ಫೇಸ್ ಆಗುತ್ತದೆ.

ಯಾರಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಅವರನ್ನು ಮುಟ್ಟದೆ ಮೇನ್ ಆಫ್ ಮಾಡಬೇಕು. ಅದು ಸಿಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಬೇಕು. ಉಸಿರಿಲ್ಲದಿದ್ದರೆ ಎದೆ ಒತ್ತುತ್ತಲೇ 108ಕ್ಕೆ ಕರೆ ಮಾಡಿಸಬೇಕು.

ಸ್ವಿಚ್ ಬೋರ್ಡ್ ಬಿಸಿಯಾಗಿದೆ, ಸುಟ್ಟ ವಾಸನೆ ಬರುತ್ತದೆ

ಸಡಿಲ ತಿರುಪು, 6 ಆಂಪಿಯರ್ ಪಾಯಿಂಟಿಗೆ ಹಾಕಿದ ಹೀಟರ್, ತಾಮ್ರಕ್ಕೆ ನೇರ ತಿರುಚಿದ ಅಲ್ಯುಮಿನಿಯಂ ತಂತಿ, ಈ ಮೂರರಲ್ಲಿ ಒಂದು. ಹೊರೆ ತೆಗೆದು, ಆ ಎಂಸಿಬಿ ಇಳಿಸಿ, ಬೋರ್ಡ್ ಬದಲಿಸುವವರೆಗೆ ಬಳಸಬಾರದು. ವಾಸನೆ ಮರದ ತಾರಸಿಯ ಒಳಗಿನಿಂದ ಬರುತ್ತಿದ್ದರೆ ಕಾಯದೆ ಮೇನ್ ತೆಗೆಯಿರಿ. ಕೊಡವ ಕುಟುಂಬಗಳ ಮೂಲ ಮನೆಗಳಾದ ಹಳೆಯ ಐನ್‌ಮನೆಗಳಲ್ಲಿ ಮರದ ಪಟ್ಟಿಯ ಮೇಲಿನ ವೈರಿಂಗ್ ಇನ್ನೂ ಇದ್ದರೆ, ಅದಕ್ಕೆ ತುಂಡು ಸೇರಿಸುವುದರ ಬದಲು ಪೂರ್ತಿ ಬದಲಿಸುವುದೇ ಕೊನೆಗೆ ಅಗ್ಗ.

ಮನೆಗೆ ನುಗ್ಗಿದ ನೀರು ಇಳಿದಿದೆ

2018 ಮತ್ತು 2019ರ ಆಗಸ್ಟ್ ತಿಂಗಳ ನೆರೆ ಕಂಡ ಹೊಳೆಬದಿಯವರಿಗೆ, ಕುಶಾಲನಗರದ ತಗ್ಗು ಬಡಾವಣೆಯವರಿಗೆ, ಕರಡಿಗೋಡಿನವರಿಗೆ ಇದು ಹೊಸತಲ್ಲ. ನೀರಿನಲ್ಲಿ ಮುಳುಗಿದ ಎಂಸಿಬಿ, ಆರ್‌ಸಿಸಿಬಿ, ಸ್ವಿಚ್ಚು, ಪ್ಲಗ್ಗುಗಳನ್ನು ಒಣಗಿಸಿ ಬಳಸಬಾರದು, ಬದಲಿಸಬೇಕು. ತಂತಿಗಳನ್ನು ಮೆಗ್ಗರಿನಿಂದ ಅಳೆದ ಮೇಲೆಯೇ ಸಂಪರ್ಕ ಕೊಡಿಸಿಕೊಳ್ಳಬೇಕು. ಈ ದಿನಗಳಲ್ಲಿ ಜನರೇಟರ್ ತಂದು ಎರಡೂ ತುದಿಗೆ ಪಿನ್ ಇರುವ ವೈರಿನಿಂದ ಮನೆಯ ಪ್ಲಗ್ಗಿಗೆ ಜೋಡಿಸುವವರಿದ್ದಾರೆ. ಆ ಕರೆಂಟು ಮೀಟರ್ ದಾಟಿ ಕಂಬಕ್ಕೆ ಹೋಗಿ, ಟ್ರಾನ್ಸ್‌ಫಾರ್ಮರಿನಲ್ಲಿ ಹಿಂದುಮುಂದಾಗಿ ಸಾವಿರಾರು ವೋಲ್ಟ್ ಆಗಿ, ಲೈನು ಸರಿಪಡಿಸುತ್ತಿರುವವರನ್ನು ಕೊಲ್ಲಬಲ್ಲದು. ಕಂಬದ ಕಡೆಯ ಸಂಪರ್ಕ ಕಡಿದು ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಮನೆಯ ವೈರಿಂಗಿಗೆ ಸೇರಬಾರದು.

ವೋಲ್ಟೇಜ್ ಕಡಿಮೆಯಿದೆ, ಇಲ್ಲವೇ ಬಿಲ್ಲು ಏರಿದೆ

ಮನೆಗೆ ಬರಬೇಕಾದುದು 230 ವೋಲ್ಟ್, ಹೆಚ್ಚುಕಡಿಮೆ ಶೇ 6. ಕಾಫಿ ಹೂವಿಗೆ ನೀರು ಹಾಯಿಸುವ ಫೆಬ್ರವರಿ, ಮಾರ್ಚ್‌ನಲ್ಲಿ ಊರಿಗೆ ಊರೇ ಮಂದವಾದರೆ ಅದು ಪಂಪುಗಳ ಹೊರೆ. ಹೊತ್ತು, ಅಳತೆ ಬರೆದಿಟ್ಟು ಲಿಖಿತ ದೂರು ಕೊಡಬೇಕು. ಬಿಲ್ಲಿನ ಸಂಶಯಕ್ಕೆ ಎಲ್ಲವನ್ನೂ ಆಫ್ ಮಾಡಿ ಮೀಟರಿನ ಮಿನುಗುವ ಕೆಂಪು ದೀಪ ನೋಡಿ. ಆಗಲೂ ಮಿನುಗುತ್ತಿದ್ದರೆ ಸೋರಿಕೆಯಿದೆ, ಇಲ್ಲವೇ ನಿಮಗೆ ಗೊತ್ತಿಲ್ಲದ ಸಂಪರ್ಕವೊಂದು ತೋಟದ ಕೆಲಸಗಾರರ ಲೈನ್‌ಮನೆಗೋ ಕೊಟ್ಟಿಗೆಗೋ ಹೋಗಿದೆ.

ಪರಿಶೀಲನೆಗೆ ಬಂದವರು ಆಕ್ಷೇಪ ಬರೆದಿದ್ದಾರೆ

ಬಂದವರು ಯಾರು ಎಂಬುದನ್ನು ಮೊದಲು ತಿಳಿಯಿರಿ. ಹೊಸ ಸಂಪರ್ಕ ಅಥವಾ ಹೆಚ್ಚುವರಿ ಲೋಡಿಗೆ ಮನೆ ನೋಡಲು ಬರುವವರು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಸೆಕ್ಷನ್ ಕಚೇರಿಯವರು. ಊರಿನಲ್ಲಿ ಇನ್ನೂ ಕೆಇಬಿಯವರು ಎಂದೇ ಹೇಳುತ್ತೇವೆ. ವಿದ್ಯುತ್ ಪರಿವೀಕ್ಷಕರು ಬೇರೆ. ಅವರು ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದವರು. ಸ್ವಂತ ಟ್ರಾನ್ಸ್‌ಫಾರ್ಮರ್ ಇರುವ ಹೈ ಟೆನ್ಷನ್ ಸ್ಥಾಪನೆ, 15 ಮೀಟರಿಗಿಂತ ಎತ್ತರದ ಕಟ್ಟಡ, ವಿದ್ಯುತ್ ಅಪಘಾತದ ತನಿಖೆ ಅವರ ವ್ಯಾಪ್ತಿಗೆ ಬರುತ್ತವೆ. ಪಂಚಾಯಿತಿಯ ಕಟ್ಟಡ ಪರವಾನಗಿ ಮೂರನೆಯ ವಿಷಯ. ಒಂದು ಕಚೇರಿಯ ಆಕ್ಷೇಪವನ್ನು ಇನ್ನೊಂದು ಕಚೇರಿಯಲ್ಲಿ ಬಗೆಹರಿಸಲು ಹೋಗಿ ತಿಂಗಳು ಕಳೆದವರುಂಟು.

ಆಕ್ಷೇಪವನ್ನು ಬಾಯಿಮಾತಿನಲ್ಲಿ ಸ್ವೀಕರಿಸಬಾರದು. ಯಾವ ಪಾಯಿಂಟಿನಲ್ಲಿ ಏನು ಕೊರತೆ ಎಂದು ಬರೆಸಿಕೊಳ್ಳಬೇಕು. ಅರ್ಥಿಂಗ್ ಇಲ್ಲ, ಆರ್‌ಸಿಸಿಬಿ ಇಲ್ಲ, ನ್ಯೂಟ್ರಲ್‌ನಲ್ಲಿ ಫ್ಯೂಸ್ ಇದೆ, ಮೀಟರ್ ಓದಲು ಆಗದ ಜಾಗದಲ್ಲಿದೆ, ಮಂಜೂರಾದ ಲೋಡಿಗಿಂತ ಹೆಚ್ಚು ಜೋಡಿಸಿದೆ ಎಂಬಂಥವು ಸಾಮಾನ್ಯ ಆಕ್ಷೇಪಗಳು, ಮತ್ತು ನೇರವಾಗಿ ಹೇಳಬೇಕೆಂದರೆ ಇವುಗಳಲ್ಲಿ ಹೆಚ್ಚಿನವು ನ್ಯಾಯವಾದವು. ಹೋಮ್‌ಸ್ಟೇಗೆಂದು ನಾಲ್ಕು ಗೀಸರ್ ಹಾಕಿ ಲೋಡು ಮಾತ್ರ ಹಳೆಯದೇ ಇಟ್ಟುಕೊಂಡಿದ್ದರೆ ಅಧಿಕಾರಿಯೊಡನೆ ವಾದಿಸಿ ಫಲವಿಲ್ಲ. ಮಂಜೂರಾತಿ ಮೀರಿದ ಬಳಕೆಗೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ದಂಡದ ಲೆಕ್ಕ ಹಾಕಬಹುದು. ಮೀಟರ್ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಹೆಸರು ಬದಲಾವಣೆಯ ಅರ್ಜಿಯನ್ನು ಮೊದಲು ಹಾಕಿ. ಒಕ್ಕದ, ಅಂದರೆ ಕೊಡವ ಕುಲದ ಒಟ್ಟು ಆಸ್ತಿಯ ಮನೆಗಳಲ್ಲಿ ದಾಖಲೆ ಸೇರಿಸುವುದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ.

ವೈರಿಂಗ್ ಮುಗಿದಿದೆ ಎಂಬ ವರದಿಗೆ ಸಹಿ ಹಾಕಿದ ಪರವಾನಗಿದಾರ ಗುತ್ತಿಗೆದಾರರೇ ಕೊರತೆ ಸರಿಪಡಿಸಿಕೊಡಬೇಕು. ಕೆಲಸ ಮಾಡಿದವರು ಒಬ್ಬರು, ಸಹಿ ಇನ್ನೊಬ್ಬರದ್ದು ಎಂಬ ಪದ್ಧತಿಯ ಬೆಲೆ ತಿಳಿಯುವುದು ಇಂಥ ದಿನ. ಆದ್ದರಿಂದ ಕೊನೆಯ ಕಂತು ಕೊಡುವ ಮೊದಲೇ ಪರವಾನಗಿಯ ಪ್ರತಿ, ಮೆಗ್ಗರ್ ಮತ್ತು ಅರ್ಥ್ ಅಳತೆಯ ಅಂಕಿಗಳು, ಅಳೆದ ದಿನಾಂಕ, ಇವುಗಳನ್ನು ಕೇಳಿ ಪಡೆಯಬೇಕು. ಸರಿಪಡಿಸಿದ ಮೇಲೆ ಮರುಪರಿಶೀಲನೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಶುಲ್ಕವೇನಿದ್ದರೂ ರಸೀದಿಗೆ ಮಾತ್ರ ಕಟ್ಟಿ. ಆಕ್ಷೇಪ ತಪ್ಪೆಂದು ನಿಮಗೆ ಖಚಿತವಿದ್ದರೆ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್‌ಗೆ ಬರೆಯಬೇಕು; ಅಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ತೀರ್ಮಾನವೂ ಒಪ್ಪಿಗೆಯಾಗದಿದ್ದರೆ ವಿದ್ಯುತ್ ಒಂಬುಡ್ಸ್‌ಮನ್ ಇದ್ದಾರೆ. ಈ ಪ್ರತಿಯೊಂದು ಮೆಟ್ಟಿಲಿನಲ್ಲೂ ಮೊದಲು ಕೇಳುವುದು ಆರ್.ಆರ್. ನಂಬರ್, ದೂರಿನ ಸಂಖ್ಯೆ ಮತ್ತು ಆ ಬರಹದ ಆಕ್ಷೇಪದ ಪ್ರತಿ.